ಯಾರೂ ತೀರಿಕೊಂಡಿರಲಿಲ್ಲ

ಗೇಟು ದಾಟಿದರೆ ಇಡೀ ಶಾಲೆ ಹಲಸಿನ ಮರದ ಕೆಳಗೆ ತಲೆ ಬಗ್ಗಿಸಿ ಕೂತಿತ್ತು. ಮಕ್ಕಳು, ಮೇಷ್ಟ್ರುಗಳು, ಅಡುಗೆಯವರು, ಯಾರ ಬಾಯಲ್ಲೂ ಮಾತಿಲ್ಲ. ಮೊಮ್ಮಗಳ ಅಡ್ಮಿಶನ್ ವಿಚಾರಿಸಲು ಶಿಕಾರಿಪುರದಿಂದ ಹೊಸಬಾಳೆಗೆ ಬಂದಿದ್ದ ನಾನು, ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ಚಪ್ಪಲಿ ಬಿಟ್ಟು ಹಿಂದೆ ಕೂತೆ. ಎಲೆಗಳ ನೆರಳು ಮಕ್ಕಳ ಬೆನ್ನ ಮೇಲೆ ನೀರಿನಂತೆ ಅಲುಗುತ್ತಿತ್ತು. ನೋಡುತ್ತಾ ನೋಡುತ್ತಾ, ಹೋದ ತಿಂಗಳು ತೀರಿಕೊಂಡ ನನ್ನ ತಂಗಿ ಎರಡು ಜಡೆ ಹಾಕಿಕೊಂಡು ಆ ಸಾಲಿನಲ್ಲೇ ಕೂತಂತೆ ಕಂಡಳು. ಕಣ್ಣೀರು ತಡೆಯಲಾಗಲಿಲ್ಲ.

ಗಂಟೆ ಬಾರಿಸಿದ ಮೇಲೆ ಪಕ್ಕದ ಹುಡುಗಿಯನ್ನು ಕೇಳಿದೆ, "ಯಾರು ಹೋಗಿದ್ದು ಪುಟ್ಟಿ?"

"ಯಾರೂ ಇಲ್ಲಜ್ಜಿ. ನಾವು ದಿನಾ ಹಿಂಗೇ ಕೂರ್ತೀವಿ."

ಶಾಲೆ ಶುರು ಮಾಡಿದ ದಂಪತಿ, ಮಾತಿಲ್ಲದೆ ಪ್ರಾರ್ಥಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಬಳಿ ಕಲಿತವರಂತೆ. "ಗೋಡೆ, ಹೆಂಚಿನ ಮಾಡು ಎಲ್ಲಾ ಆಮೇಲೆ ಬಂದಿದ್ದು ರೀ. ಮೊದಲ ದಿನ ಇದ್ದಿದ್ದು ಈ ಮರ, ಈ ಮೌನ ಅಷ್ಟೇ," ಎಂದರು ಹೆಡ್ ಮೇಡಂ.

ತಂಗಿ ಹೋದಾಗ ಮನೆಗೆ ಬಂದವರೆಲ್ಲ ಸಮಾಧಾನ ಹೇಳಿದ್ದರು. ನನಗೆ ಅಳುವೇ ಬಂದಿರಲಿಲ್ಲ. ಅಷ್ಟು ಜನ ಏನೂ ಹೇಳದೆ ನನ್ನ ಜೊತೆ ಕೂತದ್ದು ಇವತ್ತೇ ಮೊದಲು. ಬಸ್ಸು ಸೊರಬ ತಲುಪಿದಾಗ ನೆನಪಾಯಿತು, ಅಡ್ಮಿಶನ್ ವಿಷಯ ಕೇಳಲೇ ಇಲ್ಲ. ನಾಳೆ ಮತ್ತೆ ಹೋಗುತ್ತೇನೆ, ಅವರು ಮರದ ಕೆಳಗೆ ಕೂರುವ ಮೊದಲೇ, ಜೊತೆಗೆ ಕೂರಲು.