ಕ್ಲೈಡ್ ಅವರ ಮಡಿ

ಪಕ್ಕದ ಮನೆಯ ಕ್ಲೈಡ್ ಸೋಪು ಹಾಕಿ ಕೈ ತೊಳೆದದ್ದನ್ನು ನಾನು ನೋಡಿಯೇ ಇಲ್ಲ. ತಮ್ಮ ಹಿತ್ತಲಿನ ಮಣ್ಣನ್ನೇ ಹಿಡಿ ತುಂಬ ತೆಗೆದು ಮೊಣಕೈವರೆಗೆ ಉಜ್ಜಿಕೊಳ್ಳುತ್ತಿದ್ದರು. ಪ್ರಾಣಿಗಳಿಗೆ ಟ್ರ್ಯಾಪು ಇಡಲು ಹೋಗುವ ದಿನ ಯಾರನ್ನೂ ಮುಟ್ಟುತ್ತಿರಲಿಲ್ಲ, ಈರುಳ್ಳಿ ತಿನ್ನುತ್ತಿರಲಿಲ್ಲ, ಕಾಫಿ ಸಹ ಕುಡಿಯುತ್ತಿರಲಿಲ್ಲ. ಆ ದಿನದ ಬಟ್ಟೆ ಒಣಗುವುದಕ್ಕೆ ಬೇರೆಯೇ ಹಗ್ಗ. ಒಮ್ಮೆ ಗಾಳಿಗೆ ಹಾರಿ ಬೇಲಿಗೆ ಸಿಕ್ಕಿದ್ದ ಅವರ ಅಂಗಿಯನ್ನು ಎತ್ತಿಕೊಡಲು ಹೋದೆ. "ಮುಟ್ಟಬೇಡ!" ಎಂದು ಗದರಿದ ರಭಸಕ್ಕೆ ಎರಡು ಹೆಜ್ಜೆ ಹಿಂದೆ ಸರಿದೆ.

ಉಡುಪಿಯಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮ ಅತ್ತೆ ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ಎಂತ ಮಾರಾಯ್ತಿ, ಇವರದ್ದು ನಮ್ಮ ಭಟ್ರಿಗಿಂತ ದೊಡ್ಡ ಮಡಿ!"

"ಮಡಿ ಪೂಜೆಗಲ್ಲ ಅತ್ತೆ, ಕೊಲ್ಲೋದಕ್ಕೆ. ಮನುಷ್ಯರ ವಾಸನೆ ಬಂದ್ರೆ ಪ್ರಾಣಿ ಹತ್ತಿರ ಬರಲ್ವಂತೆ" ಅಂದೆ. ಅತ್ತೆಯ ಮುಖ ಸಣ್ಣಗಾಯಿತು.

ಆಗ ನಾವು ಲಿವರ್‌ಮೋರಿನ ಅಂಚಿನಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಸಾಂಟಾ ಕ್ಲಾರಾದ ಒಂದು ಸ್ಟಾರ್ಟಪ್ಪಿನಲ್ಲಿ ದುಡಿಯುತ್ತಿದ್ದರು. ಇಡೀ ಜಗತ್ತೇ ಇನ್ನು ಇಂಟರ್ನೆಟ್ಟಿನಲ್ಲಿ ಅಕ್ಕಿ ಬೇಳೆ ಕೊಳ್ಳುತ್ತದೆ ಎಂದು ನಂಬಿದ್ದ ಪುಣ್ಯಾತ್ಮರು. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಡ್ರೈವಿಂಗೂ ಬರುತ್ತಿರಲಿಲ್ಲ. ಹಗಲಿಡೀ ಮಾತಿಗೆ ಸಿಗುತ್ತಿದ್ದವರು ಕ್ಲೈಡ್ ಒಬ್ಬರೇ. ಎಪ್ಪತ್ತು ದಾಟಿದ್ದ ಒಂಟಿ ಮುದುಕ. ಅವರ ಮಾತುಗಳೆಲ್ಲ ಅದ್ಯಾಕೋ ನನಗೆ ಕನ್ನಡದಲ್ಲೇ ನೆನಪಿವೆ.

ಅವರ ಗರಾಜಿನಲ್ಲಿ ಕಾರು ಇರಲಿಲ್ಲ, ತಲೆಬುರುಡೆಗಳಿದ್ದವು. ಬೇಯಿಸಿ, ಉಜ್ಜಿ, ಬೆಳ್ಳಗೆ ಮಾಡಿ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದರು. ರಕೂನ್, ಸ್ಕಂಕ್, ಕಯೋಟಿ, ಬೀವರ್, ಮಿಂಕ್, ಎರಡು ಬಗೆಯ ನರಿ, ಕಾಡುಬೆಕ್ಕು. ಒಳ್ಳೆಯ ತುಪ್ಪಳವಿರುವ ಪ್ರಾಣಿಗಳಲ್ಲಿ ಜಾತಿಗೊಂದರಂತೆ ತನ್ನ ಕೈಯಾರೆ ಹಿಡಿಯಬೇಕು ಎಂದು ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಮುಂದೆ ಆಣೆ ಮಾಡಿದ್ದರಂತೆ. ಅದಕ್ಕಾಗಿ ಅಲಾಸ್ಕಾದಲ್ಲಿ ಮೂರು ಚಳಿಗಾಲ ಕಳೆದಿದ್ದರು. ಚರ್ಮ ಮಾರಿದ್ದೂ ಉಂಟು, ಆದರೆ ಬುರುಡೆ ಮಾತ್ರ ಯಾರಿಗೂ ಕೊಟ್ಟಿರಲಿಲ್ಲ.

"ಪ್ರಾಣಿ ಟ್ರ್ಯಾಪಿಗೆ ಬೀಳಲ್ಲ, ತನ್ನ ಅಭ್ಯಾಸಕ್ಕೆ ಬೀಳುತ್ತೆ" ಎನ್ನುತ್ತಿದ್ದರು. "ಅದರ ಅಭ್ಯಾಸ ಗೊತ್ತಾಗೋವರೆಗೆ ಸುಮ್ಮನೆ ನೋಡ್ತಾ ಇರಬೇಕು." ಇದು ಪ್ರಾಣಿಗಳಿಗಷ್ಟೇ ಎಂದು ನಾನು ತಿಳಿದಿದ್ದೆ. ಒಂದು ದಿನ ಬೇಲಿಯಾಚೆಯಿಂದ ತಣ್ಣಗೆ ಹೇಳಿದರು: "ನೀನು ಹತ್ತೂವರೆಗೆ ಬಟ್ಟೆ ಒಣಗಿಸೋಕೆ ಬರ್ತೀಯ. ಬುಟ್ಟಿ ಕೆಳಗಿಡೋ ಮುಂಚೆ ಒಂದ್ಸಲ ಎಡಗಡೆ ನೋಡ್ತೀಯ. ಗೇಟು ತೆಗೆಯುವಾಗ ಬಲಗಾಲು ಮುಂದೆ." ತಮಾಷೆಗೆ ಹೇಳಿದ್ದೋ ಏನೋ, ನಗಲಿಲ್ಲ. ಅಂದಿನಿಂದ ಎಷ್ಟೋ ದಿನ ಹಿತ್ತಲಿಗೆ ಹೋದಾಗ ಯಾವ ಕಾಲು ಮುಂದಿಡುತ್ತಿದ್ದೇನೆಂದು ನೋಡಿಕೊಳ್ಳುತ್ತಿದ್ದೆ.

ಬುರುಡೆಗಳ ಸಾಲಿನಲ್ಲಿ ಬಾಕಿ ಇದ್ದದ್ದು ಒಂದೇ, ಬ್ಯಾಜರ್. ನಾಯಿಮರಿಯಷ್ಟು ದೊಡ್ಡದು, ಚಪ್ಪಟೆ ಮೈ, ಮುಖದ ನಡುವೆ ಬಿಳಿ ಪಟ್ಟೆ, ಸಲಿಕೆಯಂಥ ಉಗುರು. ನೆವಾಡಾದಲ್ಲಿ ಒಮ್ಮೆ ಅವರ ಟ್ರ್ಯಾಪಿಗೆ ಕಾಲು ಕೊಟ್ಟಿತ್ತಂತೆ. ಬೆಳಿಗ್ಗೆ ಹೋಗಿ ನೋಡಿದರೆ ಟ್ರ್ಯಾಪೂ ಇಲ್ಲ, ಅದನ್ನು ಕಟ್ಟಿದ್ದ ಗೂಟವೂ ಇಲ್ಲ, ನೆಲದಲ್ಲಿ ಬರೀ ಒಂದು ಗುಂಡಿ. "ಆ ಟ್ರ್ಯಾಪನ್ನ ಕಾಲಲ್ಲಿ ಹೊತ್ಕೊಂಡು ಅದು ಎಷ್ಟು ದಿನ ಬದುಕಿತ್ತೋ" ಅಂದರು. ಕಾಲನ್ನು ಕಚ್ಚಿ ಹಿಡಿಯುವ ಅಂಥ ಕಬ್ಬಿಣದ ಟ್ರ್ಯಾಪುಗಳನ್ನು ನಿಷೇಧಿಸಬೇಕೆಂದು ಆ ವರ್ಷ ಪ್ರಾಣಿದಯೆಯವರು ಗ್ರೋಸರಿ ಅಂಗಡಿಗಳ ಮುಂದೆ ಸಹಿ ಸಂಗ್ರಹಿಸುತ್ತಿದ್ದರು. ಮುಂದಿನ ನವೆಂಬರಿನಲ್ಲಿ ವೋಟು. ಹಾಗಾಗಿ ಕ್ಲೈಡ್ ಅವರಿಗೆ ಉಳಿದಿದ್ದದ್ದು ಆ ಒಂದೇ ಚಳಿಗಾಲ.

ಇತ್ತ ನಮ್ಮ ಮನೆಯಲ್ಲಿ ಹಾಲು ಬೇಗ ಬೇಗ ಮುಗಿಯತೊಡಗಿತು. ಕೇಳಿದ್ದಕ್ಕೆ ಅತ್ತೆ ಸಂಕೋಚದಿಂದ ಬಾಯಿಬಿಟ್ಟರು. "ಹಿಂದಿನ ಗುಡ್ಡೆಯಲ್ಲಿ ಒಂದು ಹುತ್ತ ಉಂಟು. ದೇವಸ್ಥಾನಕ್ಕೆ ಹೋಗ್ಲಿಕ್ಕೆ ಕಾರು ಬೇಕು, ಮಗನಿಗೆ ಪುರುಸೊತ್ತಿಲ್ಲ. ಅದಕ್ಕೆ ಮಂಗಳವಾರ ಅಲ್ಲೇ ನಾಗನಿಗೆ ಸ್ವಲ್ಪ ಹಾಲು, ಅರಿಶಿನ ಹಾಕ್ತೇನೆ. ಮದುವೆಯಾಗಿ ಆರು ವರ್ಷ ಆಯ್ತಲ್ಲ ನಿಂಗೆ. ಒಂದು ಮಗು ಬೇಡ್ವಾ?" ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ದೇಶದಲ್ಲಿ ಹುತ್ತ ಎಲ್ಲಿಂದ ಬರಬೇಕು? ಯಾವುದೋ ಪ್ರಾಣಿ ತೋಡಿ ಹಾಕಿದ ಮಣ್ಣಿನ ದಿಬ್ಬವದು.

ಯಾವ ಪ್ರಾಣಿ ಎಂಬುದು ಮರುದಿನವೇ ತಿಳಿಯಿತು. ಕ್ಲೈಡ್ ಬೇಲಿಯ ಹತ್ತಿರ ಬಂದರು. ಮುದುಕನ ಕಣ್ಣು ಹೊಳೆಯುತ್ತಿತ್ತು. "ಬ್ಯಾಜರ್ ಬಿಲ ಸಿಕ್ತು. ಗುಡ್ಡದ ಮೇಲೆ, ಓಕ್ ಮರದಿಂದ ಸ್ವಲ್ಪ ಆಚೆ. ಆದ್ರೆ ಬಿಲದ ಬಾಯಲ್ಲಿ ಯಾರೋ ಹಾಲು ಸುರಿದಿದ್ದಾರೆ. ಏನೋ ಹಳದಿ ಪುಡಿ, ಹೂವು. ಹೊರಗಿನ ಹೆಜ್ಜೆಯೆಲ್ಲ ಮಳೆಗೆ ಅಳಿಸಿಹೋಗಿದೆ. ಮನುಷ್ಯರು ಓಡಾಡೋ ಕಡೆ ನಾನು ಟ್ರ್ಯಾಪು ಇಡಲ್ಲ. ಯಾರು ಅಂತ ನಿನಗೇನಾದರೂ ಗೊತ್ತಾ?"

ನನಗೆ ಮಗುವಾಗಲೆಂದು ನಮ್ಮತ್ತೆ ಹಾವಿಗೆ ಹಾಲೆರೆಯುತ್ತಾರೆ ಎಂದು ಆ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳಲಿ? ಅವರ ಮುಖದಲ್ಲಿದ್ದ ಆಸೆಯನ್ನು ಕಂಡು ಕನಿಕರವೂ ಆಯಿತು. "ಗೊತ್ತಿಲ್ಲ, ಆ ಕಡೆ ಯಾರೂ ಹೋಗಲ್ವಲ್ಲ" ಅಂದುಬಿಟ್ಟೆ. ಮನೆಯೊಳಗೆ ಬಂದು, "ಅತ್ತೆ, ಗುಡ್ಡದ ಓನರು ಬೈತಾರಂತೆ, ಇನ್ನು ಆ ಕಡೆ ಹೋಗಬೇಡಿ" ಅಂದೆ. ಅತ್ತೆ ತಲೆಯಾಡಿಸಿದರು. ಇಬ್ಬರನ್ನೂ ಸಂಭಾಳಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕ್ಲೈಡ್ ಮಾರನೆಯ ದಿನ ಮಣ್ಣಿನಲ್ಲಿ ಕೈ ಉಜ್ಜಿಕೊಂಡು ಗುಡ್ಡ ಹತ್ತಿದರು.

ವಾರದ ಮೇಲೆ ಷಷ್ಠಿ ಬಂತು. ಆ ದಿನ ನಾಗಪೂಜೆ ಬಿಟ್ಟವರಲ್ಲ ನಮ್ಮತ್ತೆ; ನನಗೆ ನೆನಪೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ಅವರ ಕೋಣೆ ಖಾಲಿ, ಹಿಂದಿನ ಗೇಟು ಹಾರು ಹೊಡೆದಿತ್ತು, ಚಪ್ಪಲಿ ಬಾಗಿಲಲ್ಲೇ ಇದ್ದವು. ಬರಿಗಾಲಲ್ಲಿ ಹೋಗಿದ್ದರು. ಜಡಿಮಳೆಯಲ್ಲಿ ಕೆಸರು ತುಳಿಯುತ್ತ, ಬೀಳುತ್ತ ಏಳುತ್ತ ಓಡಿದೆ. ದೇವರೇ, ಅವರ ಕಾಲು ಉಳಿಸು ಎಂಬುದೊಂದನ್ನು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ.

ಅತ್ತೆ ಕೊಡೆ ಹಿಡಿದು ದಿಬ್ಬದ ಮುಂದೆ ನಿಂತಿದ್ದರು. ಎದುರಿಗೆ ಮುಂಗಾಲು ಕಬ್ಬಿಣದಲ್ಲಿ ಸಿಕ್ಕಿಸಿಕೊಂಡ ಬ್ಯಾಜರ್ ಹಲ್ಲು ಕಿರಿದು ಬುಸುಗುಟ್ಟುತ್ತಿತ್ತು. ಸುತ್ತಲಿನ ನೆಲವನ್ನೆಲ್ಲ ಕೆರೆದು ಹಾಕಿತ್ತು. ದಿನವೂ ನಸುಕಿಗೆ ಟ್ರ್ಯಾಪು ನೋಡಲು ಬರುವ ಕ್ಲೈಡ್ ಆಗತಾನೇ ಬಂದು, ಹೆಗಲಲ್ಲಿ ಬಂದೂಕು, ಕೈಯಲ್ಲಿ ಸಲಿಕೆ ಹಿಡಿದು, ಹತ್ತು ಹೆಜ್ಜೆ ದೂರದಲ್ಲಿ ಕಲ್ಲಾಗಿ ನಿಂತಿದ್ದರು. ಅರವತ್ತು ವರ್ಷ ಕಾದಿದ್ದ ಪ್ರಾಣಿ ಕಣ್ಣೆದುರಿಗಿದ್ದರೂ ಅವರು ಅದನ್ನು ನೋಡುತ್ತಿರಲಿಲ್ಲ. ಅತ್ತೆಯ ಪಾದಗಳನ್ನು ನೋಡುತ್ತಿದ್ದರು.

"ಅಲ್ಲಾಡಬಾರದು ಅಂತ ಅವರಿಗೆ ಹೇಳು. ಇನ್ನೊಂದಿದೆ."

ಹೇಳಿದೆ. ಕ್ಲೈಡ್ ಮಂಡಿಯೂರಿ ಬಂದು, ಅತ್ತೆಯ ಎಡಗಾಲಿನಿಂದ ನಾಲ್ಕು ಬೆರಳು ಆಚೆ, ಏನೂ ಕಾಣದ ಕೆಸರಿನೊಳಗೆ ಒಂದು ಕೋಲು ಊರಿದರು. ಟಪ್ಪೆಂದು ಕಬ್ಬಿಣ ನೆಲದಿಂದೆದ್ದು ಕೋಲನ್ನು ಕಚ್ಚಿತು. ಅತ್ತೆ ನನ್ನ ತೋಳು ಹಿಡಿದುಕೊಂಡರು. ಮಾತು ಮಾತ್ರ ನೆಟ್ಟಗಿತ್ತು. "ಅದನ್ನು ಬಿಡ್ಲಿಕ್ಕೆ ಹೇಳು ಮಾರಾಯ್ತಿ. ಇವತ್ತು ಷಷ್ಠಿ. ನಾಗನ ಬಾಗಿಲಲ್ಲಿ ರಕ್ತ ಬೀಳ್ಬಾರ್ದು."

ಆ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಕ್ಲೈಡ್ ಕೆಸರಿನಲ್ಲಿ ಮೂಡಿದ್ದ ಬರಿಗಾಲಿನ ಹೆಜ್ಜೆಗಳನ್ನು ನಮ್ಮ ಗೇಟಿನವರೆಗೂ ಕಣ್ಣಲ್ಲೇ ಓದಿದರು. "ಎಲ್ಲೂ ನಿಂತಿಲ್ಲ, ಹುಡುಕಿಲ್ಲ. ದಾರಿ ಗೊತ್ತಿರೋ ಕಾಲು ಇವು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಸಲಿಕೆಯಿಂದ ಬ್ಯಾಜರಿನ ಕತ್ತನ್ನು ನೆಲಕ್ಕೊತ್ತಿ, ಬೂಟುಗಾಲಲ್ಲಿ ಸ್ಪ್ರಿಂಗು ಅದುಮಿದರು. ಅದು ಕುಂಟುತ್ತ ಬಿಲದೊಳಗೆ ಮಾಯವಾಯಿತು.

"ಜನ ಓಡಾಡೋ ಕಡೆ ಹಿಡಿದದ್ದು ಲೆಕ್ಕಕ್ಕೆ ಬರಲ್ಲ" ಅಂದರು. ಎರಡೂ ಟ್ರ್ಯಾಪುಗಳನ್ನು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಹಾದುಹೋಗುವಾಗ ಒಂದು ಕ್ಷಣ ನಿಂತರು. "ನಾನು ನಿನ್ನನ್ನ ಕೇಳಿದ್ದೆ."

ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು. ಬೇಲಿಯ ಹತ್ತಿರ ನಿಂತು ಎಷ್ಟು ಸಲ ಕರೆದರೂ ತಿರುಗಲಿಲ್ಲ. ಬೇಸಿಗೆಯ ಹೊತ್ತಿಗೆ ಮನೆ ಮಾರಿದರು, ಯಾವ ಊರಿಗೆ ಹೋಗುತ್ತೇನೆಂದು ಯಾರಿಗೂ ಹೇಳದೆ ಹೊರಟುಹೋದರು. ಆ ಮನೆಗೆ ಲಾಸ್ ಆಲ್ಟೋಸ್ ಕಡೆಯ ಎಂಜಿನಿಯರ್ ದಂಪತಿ ಬಂದರು.

ಅಷ್ಟರಲ್ಲಿ ಉಡುಪಿಗೆ ಮರಳಿದ್ದ ಅತ್ತೆಗೆ ನಾನು ನನ್ನ ಸುಳ್ಳಿನ ವಿಷಯವನ್ನಾಗಲಿ, ಕ್ಲೈಡ್ ಮನೆ ಬಿಟ್ಟ ಸುದ್ದಿಯನ್ನಾಗಲಿ ಹೇಳಲೇ ಇಲ್ಲ. ಅವರ ಪಾಲಿಗೆ ಕ್ಲೈಡ್ ನಾಗನಿಗಾಗಿ ಕೈಗೆ ಬಂದದ್ದನ್ನು ಬಿಟ್ಟುಕೊಟ್ಟ ದೊಡ್ಡ ಮನುಷ್ಯ. ಎರಡು ವರ್ಷಕ್ಕೆ ನನಗೆ ಮಗಳು ಹುಟ್ಟಿದಾಗ ಉಡುಪಿಯಿಂದ ಫೋನಿನಲ್ಲಿ ಅತ್ತುಬಿಟ್ಟರು.

"ಎಲ್ಲ ಅವರ ಪುಣ್ಯ. ಪಕ್ಕದ ಮನೆಯವರಿಗೆ ಮಗುವನ್ನು ತೋರ್ಸಿದ್ಯಾ?"

"ತೋರಿಸಿದೆ, ಅತ್ತೆ" ಅಂದೆ.