ಹೊಲ ದಾಟಿದ ಹೆಸರು

ಸೀತನಿ ಸುಡುವ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಅದರ ರುಚಿಯಲ್ಲ, ಒಂದು ಕೂಗು. ಕುಳ್ಳಿನ ಕೆಂಡದಲ್ಲಿ ಹಸಿ ಜೋಳದ ತೆನೆ ಚಟಚಟ ಸಿಡಿದು, ಹೊಗೆಯ ಜೊತೆಗೆ ಹಾಲುಗಾಳಿನ ಸಿಹಿ ಏಳುತ್ತದಲ್ಲ, ಆ ವಾಸನೆ. ಈಗ ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಬದಿಗೆ ಚಳಿಗಾಲ ಬಂತೆಂದರೆ ‘ಹುರಡಾ ಪಾರ್ಟಿ’ ಎಂದು ಬೋರ್ಡು ಹಾಕಿ, ಜೋಕಾಲಿ ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಇಟ್ಟು ಇದೇ ಸೀತನಿಯನ್ನು ಮಾರುತ್ತಾರೆ. ಕಾರಿನವರು ಇಳಿದು ತಿಂದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ತಿನ್ನಲಿ ಪಾಪ, ನನ್ನದೇನೂ ತಕರಾರಿಲ್ಲ. ಆದರೆ ಮೈಂದರ್ಗಿಯ ನಮ್ಮ ಹೊಲದಲ್ಲಿ ನನ್ನ ಆಯಿ (ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ) ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಕಾಳನ್ನು ನನ್ನ ಲಂಗದ ಉಡಿಗೆ ಸುರಿಯುತ್ತಿದ್ದಳು. ಆ ಬಿಸಿ ಈಗಲೂ ನನ್ನ ತೊಡೆಗೆ ನೆನಪಿದೆ.

ನಮ್ಮದು ಮಣ್ಣಿನ ಮಾಳಿಗೆಯ ದೊಡ್ಡ ಮನೆ. ಅದರ ತುಂಬ ಹೆಂಗಸರು, ಹೆಂಗಸರ ತುಂಬ ಹೆಸರು. ದೊಡ್ಡವ್ವ ಬಂಗಾರೆವ್ವ, ಚಿಗವ್ವ ಗುರುಬಾಯಿ, ಗಂಡ ಸತ್ತ ಮೇಲೆ ತವರಿಗೇ ಬಂದು ಇಡೀ ಮನೆಯನ್ನು ಬಾಯಿಂದಲೇ ಆಳುತ್ತಿದ್ದ, ಅಪ್ಪನ ಸೋದರತ್ತೆ ಸಿದ್ದವ್ವ. ಬೆಳಗ್ಗೆ ಎದ್ದರೆ ಆಯಿ ಮಾಳಿಗೆಯ ಮೇಲೆ ನಿಂತು ಒಬ್ಬೊಬ್ಬರನ್ನೇ ಕೂಗುವಳು. ಬಂಗಾರೆವ್ವಾ ಅಂದರೆ ಓಣಿಯ ಆ ತುದಿಯ ನಾಯಿಯೂ ಕಿವಿ ನಿಮಿರಿಸಬೇಕು, ಅಂಥ ಗಂಟಲು. ಮನೆಯಲ್ಲಿ ಕೂಸು ಹುಟ್ಟಿ ಹೆಸರಿನ ಮಾತು ಬಂದಾಗ ಆಯಿಯದು ಒಂದೇ ಪರೀಕ್ಷೆ. ಹೊಲದ ಈ ಬದುವಿನ ಮೇಲೆ ನಿಂತು ಆ ಹೆಸರನ್ನು ಕೂಗಬೇಕು. ಆಚೆ ತುದಿಯ ಬೇವಿನ ಗಿಡದ ಬುಡಕ್ಕೆ ಅದು ಮುಟ್ಟಬೇಕು. ಮುಟ್ಟದಿದ್ದರೆ ಆ ಹೆಸರು ನಾಪಾಸು. “ಹೆಸರಂದ್ರ ಕರ್ಯಾಕ ಇರ್ತದವ್ವಾ. ದೇವರ ಜಗಲಿ ಮ್ಯಾಲ ಇಟ್ಟ ಪೂಜಿ ಮಾಡಾಕಲ್ಲ” ಅನ್ನುವಳು. ನನ್ನ ಸುನಂದಾ ಎಂಬ ಹೆಸರೂ ಹಾಗೆ ಪಾಸಾಗಿ ಬಂದದ್ದೇ.

ಹೀಗೆ ಎಲ್ಲರ ಹೆಸರನ್ನೂ ಹೊಲ ದಾಟಿಸುತ್ತಿದ್ದ ಆಯಿಯನ್ನು ಊರೆಲ್ಲ ಗೋದಾಬಾಯಿ ಅನ್ನುತ್ತಿತ್ತು. ನಾನೂ ಹಾಗೆಂದೇ ತಿಳಿದಿದ್ದೆ. ಒಂದು ಚಳಿಗಾಲದ ಮಧ್ಯಾಹ್ನ ಸೀತನಿ ಸುಡುತ್ತ ಕೂತಿದ್ದಾಗ ರಸ್ತೆಯ ಕಡೆಯ ಬದುವಿನಿಂದ ಒಂದು ಕೂಗು ಬಂತು: “ನೀಲಗಂಗೀ…” ಜೋಳದ ತೆನೆಗಳ ಮೇಲೆ ಉರುಳುತ್ತ ಉರುಳುತ್ತ ಬಂದು ನಮ್ಮ ಮುಂದೆ ನಿಂತಿತು. ಆಯಿ ಕೈಯಲ್ಲಿದ್ದ ತೆನೆಯನ್ನು ಕೆಂಡಕ್ಕೇ ಬಿಟ್ಟಳು. ಎದ್ದು, ಸೆರಗನ್ನೂ ಸರಿಮಾಡಿಕೊಳ್ಳದೆ, ಎರಡೂ ಕೈ ಬಾಯಿಗೆ ಹಚ್ಚಿ “ಓ…” ಎಂದು ಓಗೊಟ್ಟಳು. ನಾನು ಬೆರಗಾದೆ. ಅದು ನಮ್ಮನ್ನು ಗದರುವ ಆಯಿಯ ದನಿಯಾಗಿರಲಿಲ್ಲ, ಪರಕಾರ ಲಂಗ ಉಟ್ಟ ಹುಡುಗಿಯದು. ಬಂದವನು ಅವಳ ತವರೂರು ಸಲಗರ ಬುದ್ರುಕದ ಅಣ್ಣ. ಎರಡು ಬಸ್ಸು ಬದಲಿಸಿ, ಇಳಿದವನು ಮನೆಗೂ ಹೋಗದೆ ನೇರವಾಗಿ ಹೊಲಕ್ಕೆ ಬಂದಿದ್ದ. ಪ್ರತಿ ವರ್ಷ ಸೀತನಿಗೆ ಹಾಗೆಯೇ ಬರುತ್ತಿದ್ದ, ನಂಚಿಕೊಳ್ಳಲು ಚೀಲದಲ್ಲಿ ಶೇಂಗಾ ಹಿಂಡಿ ತರುತ್ತಿದ್ದ, ಮತ್ತು ಹತ್ತಿರ ಬಂದು ಕರೆಯುತ್ತಿರಲಿಲ್ಲ. ದೂರದಿಂದಲೇ ಕೂಗುವನು.

ಹೆಸರು ಬದಲಾದ ಕಥೆಯನ್ನು ಆಯಿಯ ನಾದಿನಿ ಸಿದ್ದವ್ವ ನಗುತ್ತ ಹೇಳಿದಳು. ಆಯಿ ಸೊಸೆಯಾಗಿ ಬಂದಾಗ ಅವಳ ಅತ್ತೆಯ ಹೆಸರೂ ನೀಲಗಂಗವ್ವನೇ. ಸೊಸೆಯನ್ನು ಬೈಯುವಾಗ ಅತ್ತೆಯ ಹೆಸರೇ ಬಾಯಿಗೆ ಬಂದರೆ ಹೇಗೆ? “ನನ್ನವ್ವ ಭಾಳ ಶ್ಯಾಣೇಕಿ. ಬೈಗಳ ತನಗ ಬಡೀಬಾರದಂತ ಸೊಸಿ ಹೆಸರೇ ತಗದ ಒಗದಳು” ಎಂದು ಸಿದ್ದವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಯಿಯೂ ನಕ್ಕಳು, ಆದರೆ ಒಲೆಯ ಕಡೆ ಮುಖ ತಿರುಗಿಸಿಕೊಂಡು. ಮುಂದೊಂದು ವರ್ಷ ಆ ಅಣ್ಣ ತೀರಿಕೊಂಡ. ಆ ಚಳಿಗಾಲದಲ್ಲೂ ಸೀತನಿ ಸುಟ್ಟೆವು. ಆಯಿ ತೆನೆ ತಿಕ್ಕುತ್ತ ಮತ್ತೆ ಮತ್ತೆ ರಸ್ತೆಯ ಕಡೆ ನೋಡಿದಳು. ಆಮೇಲೆ ನನ್ನೊಬ್ಬಳಿಗೇ ಕೇಳುವಂತೆ, “ಇನ್ನ ನನ್ನ ಹೆಸರ ಹೊಲಕ್ಕ ಬರೂದಿಲ್ಲವ್ವಾ” ಅಂದಳು. ನಾನು ಅವಳ ಸೆರಗು ಹಿಡಿದು ಕೂತೆ. ಈಗ ಆಯಿಯೂ ಇಲ್ಲ, ಸಿದ್ದವ್ವನೂ ಇಲ್ಲ. ಮಾಳಿಗೆ ಮನೆ ಕೆಡವಿ ಪಾಲು ಮಾಡಿಕೊಂಡು ಮುಂದಕ್ಕೆ ಅಂಗಡಿ ಕಟ್ಟಿದ್ದಾರೆ. ಆ ಹೆಸರು ಗೊತ್ತಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ ಉಳಿದೆ. ನಾನು ಹೋದರೆ ಅದೂ ಹೋಯಿತು, ಅಷ್ಟೇ.

ಹಳೆಯ ಹೆಸರೆಲ್ಲ ಮತ್ತೆ ಬರಲಿ ಎಂದು ನಾನು ಹಟ ಹಿಡಿಯುವವಳಲ್ಲ. ನಾಲ್ಕನೆಯದೂ ಹೆಣ್ಣಾಯಿತೆಂದು ಮುಖ ಸಿಂಡರಿಸಿ ಇಟ್ಟ ಸಾಕವ್ವ, ಬ್ಯಾಡವ್ವಗಳಿವೆಯಲ್ಲ, ಅವು ಸತ್ತದ್ದೇ ಒಳ್ಳೆಯದಾಯಿತು. ಅವುಗಳ ಮೇಲೆ ನಾಲ್ಕು ಕಲ್ಲು ಹೇರಬೇಕು. ಆದರೆ ಬಂಗಾರೆವ್ವ ಏನು ತಪ್ಪು ಮಾಡಿದಳು? ನೀಲಗಂಗವ್ವ ಯಾರ ಮನೆ ಮುರಿದಳು? ಪ್ರೀತಿಯಿಂದ ಇಟ್ಟ ಹೆಸರನ್ನೂ ಹಳೇ ಪಾತ್ರೆಯ ಜೊತೆ ಮೋಡಕಾ ಗುಜರಿಗೆ ಹಾಕಿಬಿಟ್ಟೆವಲ್ಲ ಎಂದು ನನಗೆ ಸಿಟ್ಟು.

ಕೆಲವು ವರ್ಷದ ಹಿಂದೆ ನನ್ನ ತಮ್ಮ ಮಹೇಶನಿಗೆ ಮಗಳು ಹುಟ್ಟಿದಾಗ ಈ ಸಿಟ್ಟಿಗೆ ಕೆಲಸ ಸಿಕ್ಕಿತು. ತಮ್ಮ ಸೋಲಾಪುರದ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯುತ್ತಾನೆ. ಅವನ ಹೆಂಡತಿ ಪ್ರಾಜಕ್ತಾ ಮಂದ್ರೂಪದವಳು, ಕಾಲೇಜಿನಲ್ಲಿ ಕಬಡ್ಡಿ ಆಡಿದ ಗಟ್ಟಿ ಹುಡುಗಿ. ಕಲಿತದ್ದೆಲ್ಲ ಮರಾಠಿ, ಮಾತು ಅರ್ಧ ಅದು ಅರ್ಧ ಇದು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯಾದ ನನ್ನದು. ಆದರೆ ಹೆಸರು ಆರಿಸುವ ಹಕ್ಕು ನನ್ನದಲ್ಲವಲ್ಲ! ಪ್ರಾಜಕ್ತಾ ಆಗಲೇ ‘ಕಿಯಾ’ ಎಂದು ಗೊತ್ತು ಮಾಡಿ ಕೂತಿದ್ದಳು. ನಾನು ಆಯಿಯ ಹೆಸರು ಹೇಳಿದೆ. “ಅಕ್ಕಾ, ಹೆಸರ ಛಾನ ಅದ. ಆದ್ರ ಸಾಲ್ಯಾಗ ಪೋರಾ ನಗ್ತಾವಲ್ರಿ” ಅಂದಳು. ತಮ್ಮನ ಮುಖ ನೋಡಿದೆ. “ನೀವ್ ಇಬ್ರೂ ಬಗಿಹರಿಸ್ಕೋರಿ, ನನ್ನ ನಡುವ ಎಳೀಬ್ಯಾಡ್ರಿ” ಎಂದು ಅವನು ಜಾರಿಕೊಂಡ. ಹೆತ್ತವಳಿಗಿಂತ ದೊಡ್ಡವಳು ನಾನಲ್ಲ. ಆದರೆ ಆ ದಿನ ನನಗೆ ಊಟ ಸೇರಲಿಲ್ಲ.

ನಾಮಕರಣಕ್ಕೆ ಮೊದಲು ಎಲ್ಲರೂ ಸೀತನಿಗೆಂದು ಮೈಂದರ್ಗಿಯ ಹೊಲಕ್ಕೆ ಹೋದೆವು. ಕೂಸನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ ತಮ್ಮನನ್ನು ಕಾವಲಿಗೆ ಕೂರಿಸಿದೆವು. ಕೆಂಡದ ಮುಂದೆ ಕೂತು ನಾನು ಪ್ರಾಜಕ್ತಾಗೆ ಆಯಿಯ ಪರೀಕ್ಷೆಯ ಕಥೆ ಹೇಳಿದೆ. ಹುಡುಗಿಗೆ ಹುರುಪು ಬಂತು. “ಚಲಾ, ನೋಡೇಬಿಡೂಣು. ನೀವ್ ಬೇವಿನ ಗಿಡಕ್ಕ ಹೋಗ್ರಿ ಅಕ್ಕಾ” ಎಂದು ಸೆರಗು ಸಿಗಿಸಿ ಬದು ಹತ್ತಿದಳು. ನಾನು ಜೋಳದ ಸಾಲಿನೊಳಗೆ ನುಗ್ಗಿ ಆ ತುದಿಗೆ ಹೋಗಿ ನಿಂತೆ. ದೂರದಲ್ಲಿ ಅವಳು ಬಾಯಿ ತೆರೆದದ್ದು ಕಂಡಿತು. ಏನೂ ಕೇಳಲಿಲ್ಲ. ಮತ್ತೆ ತೆರೆದಳು. ಗಿಳಿಯೊಂದು ಕಿರುಚಿದಂತಾಯಿತು, ನಡುಹೊಲದಲ್ಲೇ ಮಾಯ. ನಾನು ಕೈಯಾಡಿಸಿ ಇಲ್ಲವೆಂದೆ. ಆಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು, ಕಬಡ್ಡಿಯ ಉಸಿರು ತುಂಬಿಕೊಂಡು ಕೂಗಿದಳು:

“ನೀಲಗಂಗಾ…”

ಬಂತು. ನಾನೇ ಬಲ್ಲ ಹಳೆಯ ದಾರಿಯಲ್ಲಿ, ತೆನೆಗಳ ಮೇಲೆ ಉರುಳುತ್ತ ಬಂತು. ಎಷ್ಟು ವರ್ಷವಾಗಿತ್ತೋ ಆ ಗಾಳಿ ಆ ಹೆಸರನ್ನು ಹೊತ್ತು! ಯಾರಾದರೂ ಓಗೊಡಬೇಕಲ್ಲ, ಕರೆದದ್ದು ಬರಿದೇ ಹೋಗಬಾರದಲ್ಲ. ನನ್ನ ಎರಡೂ ಕೈ ತಾವೇ ಬಾಯಿಗೆ ಬಂದವು. “ಓ…” ಅಂದೆ. ಅಂದವಳೇ ಬೇವಿನ ಬುಡದಲ್ಲಿ ಕೂತು ಮನಸಾರೆ ಅತ್ತೆ.

ಪ್ರಾಜಕ್ತಾ ಗಾಬರಿಯಾಗಿ ಓಡಿ ಬಂದಳು. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಏದುಸಿರು ಬಿಡುತ್ತ, ಸೆರಗಿನಿಂದ ನನ್ನ ಮುಖ ಒರೆಸಿದಳು. “ಅಕ್ಕಾ, ಕಿಯಾಕ್ಕ ಯಾರೂ ಓ ಅನ್ನಲಿಲ್ಲರಿ” ಅಂದಳು. ಮತ್ತೆ ತಾನೇ ನಕ್ಕು, “ಪೋರಾ ನಕ್ಕರ ನಗಲಿ. ನನ್ನ ಮಗಳ ಅವ್ರಿಗೆಲ್ಲಾ ಭಾರಿ ಆಗ್ತಾಳ” ಅಂದಳು. ಅಲ್ಲಿಗೆ ಹೆಸರು ಪಾಸಾಯಿತು.

ನಾಮಕರಣದ ದಿನ ತೊಟ್ಟಿಲಿಗೆ ಬಾಗಿ, ಕಿವಿಯಲ್ಲಿ ಕುರ್ರ್ ಅಂದು ಆ ಹೆಸರು ಹೇಳಿದೆ. ಹಾಗೆ ಹೇಳುವ ಅತ್ತೆಯ ಬೆನ್ನಿಗೆ ಉಳಿದ ಹೆಂಗಸರು ಗುದ್ದುವುದು ನಮ್ಮ ಪದ್ಧತಿ. ಗುದ್ದಿದರು ನೋಡಿ! ಪ್ರಾಜಕ್ತಾಳ ಮಂದ್ರೂಪದ ಅಕ್ಕತಂಗಿಯರಂತೂ ಹಳೇ ಸೇಡು ಇದ್ದವರ ಹಾಗೆ ಗುದ್ದಿದರು. ನನಗೆ ಒಂದೂ ತಾಗಲಿಲ್ಲ. ಗುದ್ದರ‍್ಯವ್ವಾ, ಇನ್ನೂ ಗುದ್ದರಿ ಎಂದು ನಗುತ್ತಲೇ ಇದ್ದೆ.

ಈಗ ತಮ್ಮನ ಮಗಳು ಸಾಲಿಗೆ ಹೋಗುತ್ತಾಳೆ. ಸಂಜೆ ನಾನು ತಮ್ಮನ ಮನೆಗೆ ಹೋದರೆ ಪ್ರಾಜಕ್ತಾ ಮೂರನೇ ಮಾಳಿಗೆಯ ಗ್ಯಾಲರಿಯಲ್ಲಿ ನಿಂತು ಮಗಳನ್ನು ಊಟಕ್ಕೆ ಕರೆಯುತ್ತಿರುತ್ತಾಳೆ. ಆ ಕೂಗಿಗೆ ರಿಕ್ಷಾದವರು ತಲೆಯೆತ್ತುತ್ತಾರೆ, ಎದುರು ಮನೆಯ ಮರಾಠಿ ಅಜ್ಜಿ ತಾನೂ ಒಂದು ಸಲ ಕೂಗಿ ಖುಷಿಪಡುತ್ತಾಳೆ. ಜೋಳದ ಹೊಲವಿಲ್ಲ, ಕುಳ್ಳಿನ ಹೊಗೆಯಿಲ್ಲ, ಸಲಗರದಿಂದ ಬಂದಿಳಿಯುವ ಅಣ್ಣನಿಲ್ಲ. ಆಟದ ಧೂಳಿನೊಳಗಿಂದ ಎರಡು ಪುಟ್ಟ ಕೈಗಳು ಬಾಯಿಗೆ ಹೋಗುತ್ತವೆ. ಅದನ್ನು ನಾನೇ ಕಲಿಸಿದ್ದು. “ಓ…”

ಆಯೀ, ನಿನ್ನ ಹೆಸರ ಬಂತ ನೋಡು.