ಅಪ್ಪನ ಬಣ್ಣದ ಕರಟಗಳು

ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ಅಣ್ಣನಿಗೆ ಹೇಳಲಿಲ್ಲ. ವಾರಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ನೀರಲ್ಲಿ ನೆನೆದ ಗೋಂದಿನ ವಾಸನೆ ಎಲ್ಲಿ ಬಂದರೂ ಈಗಲೂ ಅದು ನೆನಪಾಗುತ್ತದೆ. ಅದು ನಂಜನಗೂಡಿನ ನಮ್ಮ ನಡುಮನೆಯ ವಾಸನೆ. ಅಪ್ಪ ಅಲ್ಲಿ ಕಿಟಕಿಯ ಪಕ್ಕ ಕುಂತು ದೇವರ ಪಟ ಬರೆಯುತ್ತಿದ್ದರು. ಸುತ್ತ ತೆಂಗಿನ ಕರಟಗಳು, ಒಂದೊಂದರಲ್ಲಿ ಒಂದೊಂದು ಬಣ್ಣ. ಅಣ್ಣ ಕಲ್ಲಿನ ಮೇಲೆ ಬಣ್ಣ ಅರೆಯುತ್ತಿದ್ದ. ನಾನು ಅವರಿಗೆ ನೀರು ತಂದುಕೊಟ್ಟು, ಒಣಗಲು ಇಟ್ಟ ಪಟದ ಮೇಲೆ ಬೆಕ್ಕು ಹಾಯದ ಹಾಗೆ ಕಾಯುತ್ತಿದ್ದೆ. ಹಸಿರನ್ನು ಮಾತ್ರ ಅಪ್ಪ ಯಾರಿಗೂ ಅರೆಯಲು ಬಿಡುತ್ತಿರಲಿಲ್ಲ. ಎಳೇ ಭತ್ತದ ಪೈರಿನ ಮೇಲೆ ಬೆಳಗಿನ ಬಿಸಿಲು ಬಿದ್ದಂಥ ಹಸಿರು. "ಅದುಕ್ ಏನ್ ಆಕ್ತೀಯಪ್ಪ?" ಎಂದು ಅಣ್ಣ ಕೇಳಿದರೆ, "ಮೊದ್ಲು ನೆಟ್ಗೆ ಗೆರೆ ಎಳಿಯೋದ್ ಕಲಿಲಾ, ಆಮ್ಯಾಲ್ ಅಸ್ರು" ಎಂದು ನಗುತ್ತಿದ್ದರು. ಅಣ್ಣ ಗೆರೆ ಕಲಿತ. ಹಸಿರು ಹೇಳಿಕೊಡುವ ಮೊದಲೇ ಅಪ್ಪ ಹೋದರು. ಅವರ ಪಟಗಳೆಲ್ಲ ಆಗಲೇ ಯಾರ್ಯಾರ ದೇವರ ಮನೆಗೋ ಸೇರಿದ್ದವು.

ಅಣ್ಣ ಟಿ. ನರಸೀಪುರದಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟ. ಬಿಡುವಾದಾಗಲೆಲ್ಲ ಆ ಹಸಿರಿಗಾಗಿ ಒದ್ದಾಡಿದ, ಸಿಗಲಿಲ್ಲ. ಅಪ್ಪನ ಮನೆ ಮಾರಿದಾಗ ಅವರ ಕರಟ, ಕಾಗದಗಳಿದ್ದ ಪೆಟ್ಟಿಗೆಯನ್ನು ಹೆಮ್ಮಿಗೆಗೆ, ನನ್ನ ಗಂಡನ ಮನೆಗೆ ತಂದಿಟ್ಟ. "ಇಲಿ ಬೀಳ್ದಂಗೆ ನೋಡ್ಕೊ ಕಣವ್ವ" ಎಂದಷ್ಟೇ ಹೇಳಿದ. ಇಂಥದೊಂದು ಪೆಟ್ಟಿಗೆ ನಿಮ್ಮ ಮನೆಯಲ್ಲೂ ಇದ್ದೀತು. ಇಲಿಯೇನೋ ಬೀಳಲಿಲ್ಲ, ಆಯುಧಪೂಜೆ ಬಂತು. ಕುಡುಗೋಲು, ಗುದ್ದಲಿ, ಹೊಲಿಗೆ ಯಂತ್ರ ಎಲ್ಲ ತೊಳೆಸಿಕೊಂಡು ಪೂಜೆಗೆ ಕುಂತಿರುವಾಗ ಅಪ್ಪನ ಆಯುಧಗಳು ಮಾತ್ರ ಕತ್ತಲಲ್ಲಿ ಇರಬೇಕೇ ಅನ್ನಿಸಿತು. ಏಳನೇ ಕ್ಲಾಸಿಗೇ ಓದು ಬಿಟ್ಟವಳು ನಾನು. ಒಣಗಿ ಅಂಟಿದ ಬಣ್ಣ ನನ್ನ ಕಣ್ಣಿಗೆ ಬರೀ ಕೊಳೆ. ಸೀಗೆಪುಡಿ ಹಾಕಿ, ಕರಟಗಳನ್ನೆಲ್ಲ ನಾರಿನಲ್ಲಿ ತಿಕ್ಕಿ, ಬಚ್ಚಲಲ್ಲಿ ಹಸಿರು ನೀರು ಹರಿದು ಹೋಗುವುದನ್ನು ಸಂತೋಷದಿಂದ ನೋಡಿದೆ. ಕುಂಕುಮ ಇಟ್ಟು ಕೈಮುಗಿದೆ.

ಎಷ್ಟೋ ವರ್ಷದ ಮೇಲೆ, ಈಚೆಗೆ, ಅಣ್ಣ ಫೋನ್ ಮಾಡಿದ. ಹಳೇ ಕಲಾವಿದರ ಬಣ್ಣ, ಕಾಗದಗಳನ್ನು ಜೋಪಾನ ಮಾಡಿ ಪರೀಕ್ಷೆ ಮಾಡುವ ಹುಡುಗಿಯೊಬ್ಬಳು ಮೈಸೂರಿಂದ ಬರುತ್ತಾಳಂತೆ. "ಕರ್ಟುದ್ ತಳ್ದಲ್ಲಿ ಒಂದ್ ಚೂರ್ ಬಣ್ಣ ಇದ್ರೆ ಸಾಕಂತೆ ಕಣವ್ವ, ಅಪ್ಪ ಏನ್ ಬೆರ್ಸಿದ್ರು ಅಂತ ಗೊತ್ತಾಗ್ಬುಡ್ತದಂತೆ!" ತಲೆ ನರೆತ ಅಣ್ಣನ ದನಿ ಹುಡುಗನ ದನಿಯಂತಿತ್ತು. "ಬರ್ಲಿ ಬುಡಣ್ಣ" ಎಂದುಬಿಟ್ಟೆ. ಅವತ್ತಿನಿಂದ ಊಟ ಸೇರಲಿಲ್ಲ. ಫೋನ್ ಸದ್ದಾದರೆ ಬೆಚ್ಚುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ಕರಟಗಳನ್ನು ಬಿಸಿಲಿಗೆ ಹಿಡಿದು, ಎಲ್ಲಾದರೂ ಸಾಸಿವೆಯಷ್ಟು ಬಣ್ಣ ಉಳಿದಿದೆಯೇ ಎಂದು ಹುಡುಕುತ್ತಿದ್ದೆ.

ಹುಡುಗಿ ಅಣ್ಣನ ಜೊತೆಯಲ್ಲೇ ಬಂದಳು. ಅಪ್ಪ ಗೆರೆ ಬರೆದಿದ್ದ ಕಾಗದಗಳನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು, "ಎಷ್ಟ್ ಚೆನ್ನಾಗಿ ಇಟ್ಕೊಂಡಿದೀರಮ್ಮ!" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಕರಟಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದರ ಅಂಚಿನಲ್ಲಿ ಕೆಂಪು ಕಂಡು, ಖುಷಿಯಾಗಿ ಸಣ್ಣ ಚಾಕು ತೆಗೆದಳು.

"ಅದು ಬಣ್ಣ ಅಲ್ಲ ಕಣವ್ವ" ಎಂದೆ. "ಕುಂಕ್ಮ. ನಾನ್ ಇಟ್ಟಿದ್ದು."

ಅಣ್ಣ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದ: "ಅಸ್ರುದ್ ಕರ್ಟ ಯಾವ್ದವ್ವ?"

ನನಗೂ ತಿಳಿಯಲಿಲ್ಲ. ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ಅಣ್ಣ ಒಂದನ್ನು ಎತ್ತಿಕೊಂಡು ಒಳಗೆಲ್ಲ ಬೆರಳಾಡಿಸಿ, ಆ ಬೆರಳನ್ನೇ ನೋಡುತ್ತ ಕುಂತ.

"ಎಲ್ಲಾನೂ ತೊಳ್ದ್ಬುಟ್ಟೆ ಅಣ್ಣ, ಆಯುಧಪೂಜೆ ಅಬ್ಬುಕ್ ಅಂತ. ನೀನ್ ಫೋನ್ ಮಾಡ್ದಾಗ್ಲೇ ಯೋಳ್ಬೇಕಿತ್ತು, ಎದ್ರುಕೊಂಡೆ. ತಪ್ಪಾಯ್ತು ಕಣಣ್ಣ."